ಲಂಚ ತಿನ್ನುವವನಿಗೆ ಹತ್ತು ಹೆಸರು, ತಿನ್ನಿಸುವವನಿಗೆ?

ಗೆಳೆಯರೇ,

ಶಿವಮೊಗ್ಗದ ಸಣ್ಣ ಉದ್ದಿಮೆಗಳಿಗೆ ಕೊಡುವ ಒಂದು ತರಬೇತಿಯ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಲಂಚ ಕೊಡದೆ, ಲೆಕ್ಕ ಮುಚ್ಚಿಡದೆ ವ್ಯಾಪಾರ ನಡೆಸುವುದು ಹೇಗೆ ಅನ್ನುವುದು ವಿಷಯ. ಬಂದು ಕೂರುವವರು ಮಾಚೇನಹಳ್ಳಿಯ ಫೌಂಡ್ರಿಯವರು, ಅಡಿಕೆ ಮಂಡಿಯವರು, ಅಕ್ಕಿ ಗಿರಣಿಯವರು, ಸಣ್ಣಪುಟ್ಟ ಗುತ್ತಿಗೆದಾರರು. ಮಾಲೀಕರಿಗೆ ಇಂಗ್ಲಿಷ್ ಬರುತ್ತದೆ. ಆದರೆ ಲೆಕ್ಕ ಬರೆಯುವ ಗುಮಾಸ್ತನೂ ಕಚೇರಿ ಕಚೇರಿ ಅಲೆಯುವ ಹುಡುಗನೂ ಓದಬೇಕಲ್ಲ. ದುಡ್ಡು ಕೊಟ್ಟು ಬರುವವರು ಅವರೇ ತಾನೇ?

ನನ್ನ ಮುಖ್ಯ ಪ್ರಶ್ನೆ ಇಷ್ಟು. ಲಂಚ ಕೊಡುವವನಿಗೆ ಕನ್ನಡದಲ್ಲಿ ಒಂದು ಹೆಸರು ಇದೆಯಾ?

ತಗೊಳ್ಳುವವನಿಗೆ ಹೆಸರಿಗೆ ಬರವಿಲ್ಲ. ಲಂಚಕೋರ, ಲಂಚಗುಳಿ, ಲಂಚಬಡುಕ. ಅವನು ತಿನ್ನುತ್ತಾನೆ, ನುಂಗುತ್ತಾನೆ, ಮೇಯುತ್ತಾನೆ, ಕೈ ಒಡ್ಡುತ್ತಾನೆ. ಅವನ ಆದಾಯಕ್ಕೂ ಸೊಗಸಾದ ಪದ ಇದೆ: ಗಿಂಬಳ. ಊಟಗೀಟ ಅನ್ನುವ ಹಾಗೆ ಸಂಬಳದ ಜೊತೆ ಸುಮ್ನೆ ಹುಟ್ಟಿದ ಜೋಡಿಪದ ಅದು, ಈಗ ಅದಕ್ಕೇ ಬೇರೆ ಅರ್ಥ ಬಂದು ತನ್ನ ಕಾಲ ಮೇಲೆ ನಿಂತಿದೆ. ಕೊಡುವವನು ಮಾತ್ರ ಬರೀ 'ಕೊಟ್ಟವನು'. ಬೈಗುಳವೂ ಇಲ್ಲ, ಹೆಸರೂ ಇಲ್ಲ.

ಇದು ಇವತ್ತಿನ ಕಥೆಯಲ್ಲ. ನಮ್ಮದೇ ಜಿಲ್ಲೆಯ, ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನ ಸತ್ಯಕ್ಕ 12ನೇ ಶತಮಾನದಲ್ಲಿ 'ಲಂಚವಂಚನಕ್ಕೆ ಕೈಯಾನದ ಭಾಷೆ' ಎಂದಳು. ಕೈಯಾನುವುದು ಅಂದರೆ ಕೈ ಒಡ್ಡುವುದು, ಭಾಷೆ ಅಂದರೆ ಇಲ್ಲಿ ಆಣೆ, ಕೊಟ್ಟ ಮಾತು. ತರಬೇತಿಯ ಕೊನೆಗೆ ಎಲ್ಲರೂ ಸಹಿ ಹಾಕುವ ಹಾಳೆ ಒಂದಿದೆ, ಅದಕ್ಕೆ 'ಪ್ರತಿಜ್ಞೆ' ಅನ್ನುವ ಬದಲು 'ಭಾಷೆ' ಅಂತಲೇ ಇಡೋಣ ಅಂತ ನನಗೆ ಆಸೆಯಾಯಿತು. ಆದರೆ ನೋಡಿ, ಅಲ್ಲೂ ಮಾತು ಬರುವುದು ಚಾಚುವ ಕೈ ಬಗ್ಗೆಯೇ. ನಮ್ಮ ತರಬೇತಿಗೆ ಬರುವವರು ಎದುರು ಕಡೆಯವರು.

ಕಾನೂನು ಆ ಕಡೆಯನ್ನೂ ಹಿಡಿದಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಕೊಡುವವನನ್ನು ಮುಖ್ಯವಾಗಿ ಕುಮ್ಮಕ್ಕು ಕೊಟ್ಟವನು ಅನ್ನುವ ಲೆಕ್ಕದಲ್ಲಿ ನೋಡುತ್ತಿದ್ದರು. 2018ರ ತಿದ್ದುಪಡಿಯಲ್ಲಿ ಕೊಡುವುದೇ ನೇರ ಅಪರಾಧವಾಯಿತು, 7 ವರ್ಷದವರೆಗೆ ಜೈಲು. ಅಷ್ಟೇ ಅಲ್ಲ, ಸಂಸ್ಥೆಯ ಪರವಾಗಿ ಏಜೆಂಟನೋ ಕೆಲಸದವನೋ ಕೊಟ್ಟರೆ ಸಂಸ್ಥೆಗೂ ದಂಡ. ಪಾಲುದಾರಿಕೆಯ ಸಣ್ಣ ಮಂಡಿಯೂ ಇದರೊಳಗೆ ಬರುತ್ತದೆ. ಲಂಚ ನಡೆಯದ ಹಾಗೆ ತಕ್ಕ ಏರ್ಪಾಡು ಮಾಡಿದ್ದೆವು ಅಂತ ತೋರಿಸಿದರೆ ಸಂಸ್ಥೆ ಪಾರು. ತರಬೇತಿಗೆ ಜನ ಬರುವುದು ಈ ಕಾರಣಕ್ಕೂ ಹೌದು, ಬರೀ ಧರ್ಮಬುದ್ಧಿಯಿಂದ ಅಂತ ನಾನು ನಂಬುವುದಿಲ್ಲ.

ಹಾಗಾಗಿ ಪದ ಬೇಕು. 'ಲಂಚದಾತ' ಅಂತ ಬರೆದು ನೋಡಿದೆ. ಅನ್ನದಾತ, ರಕ್ತದಾತರ ಸಾಲಿನಲ್ಲಿ ಶಾಲು ಹೊದಿಸಿಕೊಂಡು ಕೂತ ಹಾಗಾಯಿತು. ಅಚ್ಚಗನ್ನಡ ಇಷ್ಟಪಡುವ ಗೆಳೆಯರೊಬ್ಬರು 'ತಿನಿಸುಗ' ಅಂದರು, ಕೇಳಿದವರಿಗೆ ಬೇಕರಿ ನೆನಪಾಯಿತು. ಆದರೆ ಕ್ರಿಯಾಪದ ನಮ್ಮಲ್ಲಿ ಇದೆ: 'ದುಡ್ಡು ತಿನ್ನಿಸಿ ಕೆಲಸ ಮಾಡಿಸಿಕೊಂಡ.' ಇದರಲ್ಲಿ ತಪ್ಪು ಯಾರದು ಅನ್ನುವುದೂ ಕೇಳಿಸುತ್ತದೆ. ಸದ್ಯಕ್ಕೆ 'ಲಂಚ ತಿನ್ನಿಸುವವರು' ಅಂತ ಇಟ್ಟುಕೊಂಡಿದ್ದೇನೆ. ಶೀರ್ಷಿಕೆಗೆ ಉದ್ದವಾಯಿತು, ಅಲ್ವಾ?

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕು ಇದೆ, ಅದು ವ್ಯಾಕರಣದ್ದು. 'ನಾನು ಲಂಚ ಕೊಟ್ಟೆ' ಅನ್ನುವ ವಾಕ್ಯ ನಮ್ಮೂರಿನಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. 'ನಮಗೆ ಕೊಡಬೇಕಾಯ್ತು.' 'ಸ್ವಲ್ಪ ಖರ್ಚಾಯ್ತು.' 'ಕೈ ಬಿಸಿಯಾದ ಮೇಲೆ ಫೈಲು ಓಡಿತು ನೋಡಿ.' ಫೈಲು ತಾನೇ ಓಡುತ್ತದೆ, ಖರ್ಚು ತಾನೇ ಆಗುತ್ತದೆ, ಕೊಟ್ಟವನು ವಾಕ್ಯದಿಂದಲೇ ನಾಪತ್ತೆ. ಕನ್ನಡದ ಈ 'ಆಯ್ತು' ಬಹಳ ಉಪಕಾರಿ. ಕಾಯ್ದೆಯಾದರೋ ಇಲ್ಲಿ ಒಂದು ಗೆರೆ ಎಳೆದಿದೆ. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ, 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅದು ಅಪರಾಧವಲ್ಲ. ನಮ್ಮಲ್ಲಿ ಅಂದರೆ ಲೋಕಾಯುಕ್ತ ಪೊಲೀಸರಿಗೆ ಹೇಳಬಹುದು. ಆ 7 ದಿನ ಕಳೆದರೆ 'ಕೊಡಬೇಕಾಯ್ತು' ಹೋಗಿ 'ಕೊಟ್ಟೆ' ಉಳಿಯುತ್ತದೆ. ಇದನ್ನು ಕೈಪಿಡಿಯಲ್ಲಿ ಹೀಗೇ, ಈ ಎರಡು ರೂಪ ಅಕ್ಕಪಕ್ಕ ಇಟ್ಟು ಹೇಳಬಹುದಾ? ವ್ಯಾಕರಣ ಬಲ್ಲವರು ಸರಿತಪ್ಪು ಹೇಳಿ. ಪಾಠ ಮಾಡುವಾಗ ನನಗೆ ಕಾನೂನಿನ ಕಲಮುಗಳಿಗಿಂತ ಇದೇ ಜಾಸ್ತಿ ಕೆಲಸಕ್ಕೆ ಬಂದಿದೆ.

ಇನ್ನು 'ಮಾಮೂಲು'. ಒಂದು ಅಕ್ಕಿ ಗಿರಣಿಯ ಹಳೇ ಖರ್ಚಿನ ಪುಸ್ತಕ ನೋಡಲು ಸಿಕ್ಕಿತ್ತು. ಕೆಂಪು ಬಟ್ಟೆಯ ರಟ್ಟು, ನೀಲಿ ಶಾಯಿ, ಗುಮಾಸ್ತರ ಮುದ್ದಾದ ಅಕ್ಷರ. ಹಮಾಲಿ, ಗೋಣಿಚೀಲ, ಲಾರಿ ಬಾಡಿಗೆ, ಚಾ-ತಿಂಡಿ, ಅದರ ಕೆಳಗೆ ಅಷ್ಟೇ ನೀಟಾಗಿ 'ಮಾಮೂಲು'. ಮುಚ್ಚುಮರೆ ಏನಿಲ್ಲ. ಕೆಲವು ವರ್ಷದ ನಂತರದ ಪುಟಗಳಲ್ಲಿ ಆ ಸಾಲು ಇಲ್ಲ, ಅದರ ಜಾಗದಲ್ಲಿ 'ಸಾದಿಲ್ವಾರು', ಅಂದರೆ ಚಿಲ್ಲರೆ ಖರ್ಚು, ಅಂತ ಇದೆ. ಆ ಮೊತ್ತ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಮಾಮೂಲು ಅರಬ್ಬಿ ಮೂಲದ ಪದ, ರೂಢಿಯಲ್ಲಿರುವುದು ಅಂತ ಅರ್ಥ. ರೂಢಿ ಅಂದ ಮೇಲೆ ತಪ್ಪು ಹೇಗಾದೀತು ಅನ್ನುವ ವಾದ ಪದದೊಳಗೇ ಕೂತಿದೆ. 'ನಾವು ಲಂಚ ಕೊಡೋದಿಲ್ಲ ಸಾರ್, ಮಾಮೂಲು ಅಷ್ಟೇ' ಅಂತ ಮುಗ್ಧವಾಗಿ ಹೇಳುವವರು ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆಗಬೇಕಾದ ಕೆಲಸವೇ ಬೇಗ ಆಗಲಿ ಅಂತ ಕೊಡುವ ಸಣ್ಣ ದುಡ್ಡು ಅವರ ಮನಸ್ಸಿನಲ್ಲಿ ಬೇರೆ ಜಾತಿ. ಅಮೆರಿಕದ 1977ರ ಕಾಯ್ದೆ ಕೂಡ ವಿದೇಶಿ ಅಧಿಕಾರಿಗಳಿಗೆ ಕೊಡುವ ಅಂಥ ಹಣಕ್ಕೆ ವಿನಾಯಿತಿ ಇಟ್ಟಿದೆ, ಬ್ರಿಟನ್ನಿನ 2010ರ ಕಾಯ್ದೆ ಇಟ್ಟಿಲ್ಲ, ನಮ್ಮದೂ ಇಟ್ಟಿಲ್ಲ. ಹಾಗಾಗಿ ಕೈಪಿಡಿಯಲ್ಲಿ ನಾನು ಹೊಸ ಪದ ಹುಡುಕದೆ 'ಮಾಮೂಲು' ಅಂತಲೇ ಬರೆದು, ಮಾಮೂಲೂ ಲಂಚವೇ ಅಂತ ಸೇರಿಸಿದ್ದೇನೆ. 'ಸೌಲಭ್ಯ ಪಾವತಿ' ಅಂತೆಲ್ಲ ಬರೆದರೆ ಬ್ಯಾಂಕಿನ ಯೋಜನೆ ಅಂದುಕೊಂಡಾರು.

ಉಡುಗೊರೆಯ ಅಧ್ಯಾಯಕ್ಕೆ ಮಾತ್ರ ಪದ ತಾನಾಗಿ ಸಿಕ್ಕಿತು. ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಡಬಹುದಾ, ಅಧಿಕಾರಿಯ ಮಗಳ ಮದುವೆಗೆ ಬೆಳ್ಳಿ ತಟ್ಟೆ ಕೊಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ ಮದುವೆಗೆ ಮುಯ್ಯಿ ಮಾಡುತ್ತೇವೆ. ಮುಯ್ಯಿ ಅಂದರೆ ತಿರುಗಿ ಬರಬೇಕಾದದ್ದು, ಬರದಿದ್ದರೆ ಮನಸ್ಸಿನಲ್ಲಿ ಉಳಿಯುವಂಥದ್ದು. ಹಾಗಾಗಿ 'ಇದು ಉಡುಗೊರೆಯೋ ಮುಯ್ಯಿಯೋ?' ಅಂತ ಕೇಳಿಕೊಳ್ಳಿ ಅಂತ ಬರೆದೆ. ತೀರ್ಥಹಳ್ಳಿ ಕಡೆಯವರೊಬ್ಬರು, ಮುಯ್ಯಿಯನ್ನು ಲಂಚದ ಸಾಲಿಗೆ ಸೇರಿಸಬೇಡಿ, ಅದು ನೆಂಟಸ್ತಿಕೆಯ ಮಾತು ಅಂತ ಬೇಸರ ಮಾಡಿಕೊಂಡರು. ಅವರ ಮಾತಿನಲ್ಲೂ ಹುರುಳಿದೆ. ನೀವೇನಂತೀರಿ?

ಕೊನೆಗೆ ಕೈಪಿಡಿಯ ಹೆಸರು. ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ಜವಾಬ್ದಾರಿಯುತ ವ್ಯವಹಾರದ ಮಾರ್ಗಸೂಚಿಯಲ್ಲಿ 9 ತತ್ವಗಳಿವೆ. ಮೊದಲನೆಯದೇ 'ಇಂಟೆಗ್ರಿಟಿ'ಯಿಂದ ನಡೆದುಕೊಳ್ಳಿ ಅನ್ನುತ್ತದೆ. ಕಂಪ್ಯೂಟರನ್ನು ಕೇಳಿದರೆ 'ಸಮಗ್ರತೆ' ಅನ್ನುತ್ತದೆ. 'ಸಮಗ್ರತೆ ತರಬೇತಿ' ಅಂದರೆ ಸಮಗ್ರ ಕೃಷಿಯ ತರಬೇತಿ ಅಂತ ರೈತರು ಬಂದು ಕೂರುತ್ತಾರೆ. ಇಂಟೆಗ್ರಿಟಿಯ ಮೂಲ ಅರ್ಥ ಒಡೆಯದೆ ಇಡಿಯಾಗಿರುವುದು ಅಂತ ಇರುವುದರಿಂದ, ಅಡಿಕೆಯವರ 'ರಾಶಿ ಇಡಿ' ಅನ್ನುವ ಬಗೆಯನ್ನು ನೆನೆದು ಒಬ್ಬರು 'ಇಡಿತನ' ಅಂದರು. ಇ.ಡಿ. ಅಂದರೆ ಈಗ ವ್ಯಾಪಾರಿಗಳಿಗೆ ಬರುವ ನೆನಪೇ ಬೇರೆ!

ಜನ ನಿಜವಾಗಿ ಆಡುವ ಪದ 'ನಿಯತ್ತು'. ನಿಯತ್ತಿನ ಮನುಷ್ಯ, ನಿಯತ್ತಾಗಿ ವ್ಯಾಪಾರ ಮಾಡುತ್ತಾನೆ. ಅದನ್ನೇ ಇಡೋಣ ಅನ್ನುವಷ್ಟರಲ್ಲಿ ಒಂದು ಅನುಮಾನ ಬಂತು. ಧಣಿಯ ಪರವಾಗಿ ಕಚೇರಿಗೆ ಹೋಗಿ, ಕವರ್ ಕೊಟ್ಟು, ಒಂದು ರೂಪಾಯಿಯೂ ತಾನು ಮುಟ್ಟದೆ, ಯಾರಿಗೂ ಬಾಯಿ ಬಿಡದೆ ವಾಪಸು ಬರುವ ಗುಮಾಸ್ತನನ್ನೂ ನಾವು ನಿಯತ್ತಿನವನು ಅಂತಲೇ ಹೊಗಳುತ್ತೇವೆ. ಅಂದರೆ ಈ ನಿಯತ್ತು ಧಣಿಯ ಕಡೆಗೆ ಮಾತ್ರ ತಿರುಗಿದೆ. ನಾವು ಹೇಳಲು ಹೊರಟಿದ್ದು ಇದರ ತದ್ವಿರುದ್ಧ: ಧಣಿ ಹೇಳಿದರೂ ಬೇಡ ಅನ್ನುವುದು. 'ಪ್ರಾಮಾಣಿಕತೆ' ಸರಿಯಿದೆ, ಆದರೆ ಅದು ಮನುಷ್ಯನ ಗುಣ. ಸಂಸ್ಥೆಯ ನಡವಳಿಕೆಗೆ 'ನೇರ ನಡೆ' ಹೇಗಿದೆ? 'ಕೈ ಬಾಯಿ ಶುದ್ಧ' ನನಗೆ ಇನ್ನೂ ಇಷ್ಟ, ಆದರೆ ಹಿಂದಿನ ಸಾಲಿನಲ್ಲಿ ಕೂತವರು ಗಾದೆಯ ಮೂರನೇ ಪದವನ್ನೂ ಸೇರಿಸಿ ನಗುತ್ತಾರೆ.

'ಹಿತಾಸಕ್ತಿ ಸಂಘರ್ಷ'ವನ್ನು ನಾನು 'ಭಾವಮೈದನ ಪ್ರಶ್ನೆ' ಅಂತ ಕರೆದು ಮುಗಿಸಿದ್ದೇನೆ. ಖರೀದಿ ನೋಡಿಕೊಳ್ಳುವವನ ಭಾವಮೈದನೇ ಮರಳು ತಂದು ಹಾಕುತ್ತಿದ್ದರೆ ಏನು ಮಾಡಬೇಕು ಅನ್ನುವುದು. ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ. ಒಳಗಿನ ತಪ್ಪನ್ನು ಮೇಲಿನವರಿಗೆ ತಿಳಿಸುವವನಿಗೆ ಮಾತ್ರ ಒಳ್ಳೆಯ ಪದವೇ ಇಲ್ಲ. ಚಾಡಿಕೋರ, ಬತ್ತಿ ಇಡುವವನು, ಎಲ್ಲ ಬೈಗುಳವೇ. ಪತ್ರಿಕೆಯವರ 'ಮಾಹಿತಿದಾರ' ಕೇಳಿದರೆ ಪೊಲೀಸರ ಮನುಷ್ಯ ಅನ್ನಿಸುತ್ತದೆ.

ಸಾಗರ, ಸೊರಬ, ಹೊಸನಗರದ ಕಡೆಯ ಮಾತಿನಲ್ಲಿ ಇವಕ್ಕೆ ಬೇರೆ ಪದಗಳಿದ್ದರೆ ದಯವಿಟ್ಟು ತಿಳಿಸಿ. ಹವ್ಯಕರ ಮನೆಮಾತಿನಲ್ಲಿ ಇದ್ದರೂ ಸರಿ. ನಿಘಂಟಿನ ಪದ ಬೇಡ, ಮಂಡಿಯಲ್ಲೋ ಅಂಗಡಿಕಟ್ಟೆಯಲ್ಲೋ ಕಿವಿಯಾರೆ ಕೇಳಿದ್ದು ಬೇಕು. ಸಾಧ್ಯವಾದರೆ ಆ ಪದ ಬರುವ ಪೂರ್ತಿ ವಾಕ್ಯವನ್ನೇ ಬರೆದು ಕಳಿಸಿ. ತಿನ್ನಿಸುವವನ ಪದ ಮೊದಲು ಬರಲಿ, ಮುಖಪುಟ ಅದಕ್ಕಾಗಿಯೇ ನಿಂತಿದೆ.