ಹಳೆಯ ಕಾರಿಗೆ ಹೊಂದುವ ಆಕ್ಸಿಜನ್ ಸೆನ್ಸರ್: ಪ್ರಶ್ನೋತ್ತರ

ಮೈಸೂರಿನ ಸದಸ್ಯರು: ಸರ್, ನನ್ನದು 2004ರ ಪೆಟ್ರೋಲ್ ಕಾರು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಮೂಲ ಆಕ್ಸಿಜನ್ ಸೆನ್ಸರ್ ಸಿಗದ ಕಾರಣ ನಾಲ್ಕು ವೈರಿನ ಯೂನಿವರ್ಸಲ್ ಸೆನ್ಸರ್ ತಂದು, ಹಳೆಯದರ ಕನೆಕ್ಟರನ್ನು ಕತ್ತರಿಸಿ, ಬಣ್ಣಕ್ಕೆ ಬಣ್ಣ ನೋಡಿ ಜೋಡಿಸಿದ್ದಾರೆ. ಹಳೆಯದರಲ್ಲಿ ಎರಡು ಕಪ್ಪು, ಒಂದು ನೀಲಿ, ಒಂದು ಬಿಳಿ ವೈರುಗಳಿದ್ದವು; ಹೊಸದರಲ್ಲಿ ಎರಡು ಬಿಳಿ, ಒಂದು ಕಪ್ಪು, ಒಂದು ಬೂದು. ಚೆಕ್ ಎಂಜಿನ್ ದೀಪ ಆರುತ್ತಿಲ್ಲ.

ಮೆಕ್ಯಾನಿಕ್: ದಯವಿಟ್ಟು ಈಗಲೇ ಕನೆಕ್ಟರ್ ಬಿಡಿಸಿ, ಸರಿಪಡಿಸುವವರೆಗೆ ಇಗ್ನಿಷನ್ ಆನ್ ಮಾಡಬೇಡಿ. ಹಳೆಯ ಬಣ್ಣಗಳು ಡೆನ್ಸೊ ಕಂಪನಿಯ ಕ್ರಮದವು: ಕಪ್ಪು ಎರಡೂ ಸೆನ್ಸರನ್ನು ಬಿಸಿಮಾಡುವ ಹೀಟರ್‌ಗೆ, ನೀಲಿ ಸಿಗ್ನಲ್‌ಗೆ, ಬಿಳಿ ಸಿಗ್ನಲ್ ಗ್ರೌಂಡ್‌ಗೆ. ಹೊಸದು ಬಾಷ್ ಕಂಪನಿಯ ಕ್ರಮದ್ದು: ಬಿಳಿ ಎರಡೂ ಹೀಟರ್‌ಗೆ, ಕಪ್ಪು ಸಿಗ್ನಲ್‌ಗೆ, ಬೂದು ಗ್ರೌಂಡ್‌ಗೆ. ಬಣ್ಣ ನಂಬಿ ಜೋಡಿಸಿದಾಗ, 0.1ರಿಂದ 0.9 ವೋಲ್ಟ್ ಮಾತ್ರ ಓಡಾಡಬೇಕಾದ ದಾರಿಗೆ ಬ್ಯಾಟರಿಯ 12 ವೋಲ್ಟ್ ನುಗ್ಗಿ, ಸೆನ್ಸರ್ ಜೊತೆಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೂಡ ಕೆಡಬಹುದು. ಸೆನ್ಸರ್ ತಣ್ಣಗಿರುವಾಗ ಮಲ್ಟಿಮೀಟರ್ ಹಿಡಿದರೆ ಹೀಟರಿನ ಎರಡು ವೈರುಗಳ ನಡುವೆ ಕೆಲವೇ ಓಮ್ ತೋರಿಸುತ್ತದೆ. ಹೊಸದು, ಹಳೆಯದು ಎರಡರಲ್ಲೂ ಆ ಜೋಡಿಯನ್ನು ಖಚಿತಪಡಿಸಿಕೊಂಡೇ ಸೇರಿಸಿ. ಹೊರಗಿನ ಗಾಳಿ ವೈರಿನ ಎಳೆಗಳ ನಡುವಿನಿಂದಲೇ ಒಳಹೋಗುವ ಸೆನ್ಸರ್‌ಗಳಿರುವುದರಿಂದ ಬೆಸುಗೆ ಹಾಕದೆ ಕ್ರಿಂಪ್ ಮಾಡಿಸಿ (ಲೋಹದ ತುಂಡಿನಿಂದ ಒತ್ತಿ ಜೋಡಿಸಿ). ನಾಲ್ಕು ವೈರು ಇದ್ದ ಮಾತ್ರಕ್ಕೆ ಹೊಂದುತ್ತದೆ ಎನ್ನಲಾಗದು: ಜಿರ್ಕೋನಿಯ ಸೆನ್ಸರ್ ತಾನೇ ವೋಲ್ಟೇಜ್ ಕೊಡುತ್ತದೆ, ಟೈಟಾನಿಯದ್ದು ರೆಸಿಸ್ಟೆನ್ಸ್ ಬದಲಿಸುತ್ತದೆ, ಗಾಳಿ-ಇಂಧನದ ಪ್ರಮಾಣ ಅಳೆಯುವ ಏರ್-ಫ್ಯೂಯೆಲ್ ಸೆನ್ಸರಿನದು ಬೇರೆಯೇ ವಿಧಾನ. ಹಳೆಯದರ ಮೈಮೇಲಿನ ಪಾರ್ಟ್ ನಂಬರ್ ಕಳುಹಿಸಿ.

ಹಾಸನದ ಸದಸ್ಯರು: ನನ್ನ 2006ರ ಕಾರಿಗೆ ಯಾವ ಸೆನ್ಸರ್ ಹಾಕಬೇಕು?

ಮೆಕ್ಯಾನಿಕ್: ಪಾರ್ಟ್ ನಂಬರ್ ನೋಡಿ.

ಶಿವಮೊಗ್ಗದ ಸದಸ್ಯರು: ಸೆನ್ಸರನ್ನು ರಾತ್ರಿಯಿಡೀ ಥಿನ್ನರ್‌ನಲ್ಲಿ ನೆನೆಸಿದರೆ ಹೊಸದರಂತಾಗುತ್ತದೆ ಎಂಬ ಸಂದೇಶ ಬಂದಿದೆ. ಹಂಚಿಕೊಳ್ಳುತ್ತಿದ್ದೇನೆ.

ಮೆಕ್ಯಾನಿಕ್: ಹಂಚಬೇಡಿ. ಮಸಿ ತೊಳೆದುಹೋದರೂ ಸವೆದ ಸೆನ್ಸರ್ ಮರಳಿ ಚುರುಕಾಗುವುದಿಲ್ಲ. ಸಿಲಿಕೋನ್ ಇರುವ ಸ್ಪ್ರೇ, ಗ್ಯಾಸ್ಕೆಟ್ ಅಂಟು ತಾಗಿದರಂತೂ ಒಳ್ಳೆಯ ಸೆನ್ಸರೂ ಸಾಯುತ್ತದೆ.

ಶಿವಮೊಗ್ಗದ ಸದಸ್ಯರು: ನನ್ನ ಭಾವನ ಕಾರಿನಲ್ಲಿ ದೀಪ ಆರಿತ್ತು.

ಹುಬ್ಬಳ್ಳಿಯ ಸದಸ್ಯರು: ಬ್ಯಾಟರಿ ಬಿಚ್ಚಿ ಹಾಕಿದರೂ ದೀಪ ಆರುತ್ತದೆ. ಅದನ್ನು ರಿಪೇರಿ ಎನ್ನುತ್ತೀರಾ?

ಶಿವಮೊಗ್ಗದ ಸದಸ್ಯರು: ನಾನು ನಿಮ್ಮನ್ನು ಕೇಳಿಲ್ಲ.

ಕಾರವಾರದ ಸದಸ್ಯರು: ಎಲ್‌ಪಿಜಿ ಕಿಟ್ ಇರುವ ಕಾರಿಗೂ ಇದೇ ಸೆನ್ಸರ್ ನಡೆಯುತ್ತದೆಯೇ?

ಹುಬ್ಬಳ್ಳಿಯ ಸದಸ್ಯರು: ಇಂತಹ ಸಂದೇಶ ನಂಬಿದವರು ಕೊನೆಗೆ ಹೊಗೆ ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್‌ಗೂ ದುಡ್ಡು ಕಟ್ಟುತ್ತಾರೆ.

ಹಾಸನದ ಸದಸ್ಯರು: ನಂಬರ್ ಅಳಿಸಿಹೋಗಿದೆ. ಯಾವುದು ಹಾಕಲಿ?

ಮೆಕ್ಯಾನಿಕ್: ಚಾಸಿಸ್ ನಂಬರ್ ಹಿಡಿದು ಬಿಡಿಭಾಗಗಳ ಅಂಗಡಿಗೆ ಹೋಗಿ. ಇಲ್ಲಿ ಊಹಿಸಿ ಹೇಳಲಾರೆ. ಮೈಸೂರಿನವರೇ, ಕನೆಕ್ಟರ್ ಬಿಡಿಸಿದಿರಾ?

ಮೈಸೂರಿನ ಸದಸ್ಯರು: ಬಿಡಿಸಿದೆ. ಹೊಸದರ ಎರಡು ಬಿಳಿ ವೈರುಗಳ ನಡುವೆ 9 ಓಮ್ ಬಂತು.

ಮೆಕ್ಯಾನಿಕ್: ಹೀಟರ್ ಉಳಿದಿದೆ. ಆ ಬಿಳಿ ವೈರುಗಳನ್ನು ಹಳೆಯ ಕಪ್ಪು ವೈರುಗಳಿಗೆ, ಕಪ್ಪನ್ನು ನೀಲಿಗೆ, ಬೂದನ್ನು ಬಿಳಿಗೆ ಸೇರಿಸಿ. ಎಂಜಿನ್ ಬಿಸಿಯಾದ ಮೇಲೂ ಸಿಗ್ನಲ್ ಏರಿಳಿಯದೆ ಒಂದೇ ಕಡೆ ನಿಂತರೆ ಕಾರನ್ನು ತಂದು ತೋರಿಸಿ.