ಗುಂಡು ತಗುಲಿದ ಮೇಲೂ ಜಿಂಕೆ ಓಡುವುದು ಹೇಗೆ?

ಪ್ರಶ್ನೆ: ವಿಸ್ಕಾನ್ಸಿನ್‌ ನಿವಾಸಿ

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಗಾಡಿನಲ್ಲಿ. ಹಿತ್ತಲಿನ ಬೇಲಿ ದಾಟಿದರೆ ನೆರೆಯವರ ಕಾಡು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಇಲ್ಲಿ ಒಂಬತ್ತು ದಿನಗಳ ಕೋವಿ ಬೇಟೆ ಆರಂಭವಾಗುತ್ತದೆ. ಈ ಸಲ ನೆರೆಯವರು ಹೊಡೆದ ಬಿಳಿಬಾಲದ ಜಿಂಕೆಯೊಂದು ಈಡಿನ ಸದ್ದಿನೊಂದಿಗೇ ಹಿಂಗಾಲುಗಳನ್ನು ಝಾಡಿಸಿ ಎಗರಿ, ಮೈ ತಗ್ಗಿಸಿಕೊಂಡು ನಮ್ಮ ಜಾಗದ ಕಡೆಗೆ ನಾಗಾಲೋಟದಲ್ಲಿ ಓಡಿತು. ಅವರು ಮಾತ್ರ ಮರದ ಅಟ್ಟಣೆಯಿಂದ ಇಳಿಯಲೇ ಇಲ್ಲ. ಅರ್ಧ ಗಂಟೆಯ ಬಳಿಕ ನಿಧಾನವಾಗಿ ಬಂದು, ನಮ್ಮ ಜಾಗದಲ್ಲಿ ಹುಡುಕಲು ಅನುಮತಿ ಕೇಳಿದರು. ಜಿಂಕೆ ಬೇಲಿಯ ಪಕ್ಕದಲ್ಲೇ ಸತ್ತು ಬಿದ್ದಿತ್ತು. ಗುಂಡು ಹೃದಯವನ್ನೇ ಸೀಳಿತ್ತಂತೆ.

ಹೃದಯ ಒಡೆದ ಪ್ರಾಣಿ ಅಷ್ಟು ದೂರ ಓಡಲು ಹೇಗೆ ಸಾಧ್ಯ? ಓಡುವಾಗ ಅದಕ್ಕೆ ನೋವಿನ ಅರಿವಿರುತ್ತದೆಯೇ? ಗಾಯಗೊಂಡ ಪ್ರಾಣಿಯ ಹಿಂದೆ ಕೂಡಲೇ ಹೋಗದೆ ಕಾಯುತ್ತ ಕೂರುವುದು ನಿರ್ದಯತೆಯಲ್ಲವೇ? ಮುಂದೆ ಎಂದಾದರೂ ಜೀವಂತ ಜಿಂಕೆಯೇ ನಮ್ಮ ಹಿತ್ತಲಿಗೆ ಬಂದು ಬಿದ್ದರೆ ನಾವು ಏನು ಮಾಡಬೇಕು?

ಉತ್ತರ: ಅಟ್ಟಣೆವಾಸಿ

ನಾನು ನೆರೆಯ ಮಿಷಿಗನ್ನಿನಲ್ಲಿ ಪರವಾನಗಿ ಪಡೆದು ಬೇಟೆಯಾಡುವವನು. ನಮ್ಮಲ್ಲಿ ಕೋವಿಯ ಋತು ನವೆಂಬರ್ 15ಕ್ಕೆ ತೆರೆಯುತ್ತದೆ. ನೀವು ವರ್ಣಿಸಿದ ಹಿಂಗಾಲಿನ ಝಾಡನ್ನು ಕಂಡಾಗಲೇ ನಿಮ್ಮ ನೆರೆಯವರಿಗೆ ಗುರಿ ಎಲ್ಲಿ ಬಿತ್ತೆಂದು ಬಹುಮಟ್ಟಿಗೆ ಗೊತ್ತಾಗಿರುತ್ತದೆ. ಎದೆಗೂಡಿನ ಕೆಳಭಾಗಕ್ಕೆ, ಅಂದರೆ ಹೃದಯದ ಆಸುಪಾಸಿಗೆ ಪೆಟ್ಟು ಬಿದ್ದ ಜಿಂಕೆ ಸಾಮಾನ್ಯವಾಗಿ ಹಾಗೆಯೇ ಎಗರಿ, ದಿಕ್ಕು ದೆಸೆ ನೋಡದೆ ಪೊದೆಗಳಿಗೆ ಢಿಕ್ಕಿ ಹೊಡೆಯುತ್ತ ಧಾವಿಸಿ, ಐವತ್ತರಿಂದ ನೂರೈವತ್ತು ಮೀಟರಿನೊಳಗೆ ಮುಗ್ಗರಿಸಿ ಬೀಳುತ್ತದೆ. ಶ್ವಾಸಕೋಶಕ್ಕೆ ಗುಂಡು ಬಿದ್ದದ್ದು ಕೆಲವೊಮ್ಮೆ ಹೀಗೆಯೇ ಓಡುತ್ತದೆ. ಕೆಲವೊಮ್ಮೆ ಏನೂ ಆಗಿಲ್ಲವೆಂಬಂತೆ ನಾಲ್ಕು ಹೆಜ್ಜೆ ನಡೆದು, ನಿಂತು, ತೂರಾಡಿ ಉರುಳುತ್ತದೆ.

ಕಷ್ಟವಿರುವುದು ಹೊಟ್ಟೆಯ ಪೆಟ್ಟಿನಲ್ಲಿ. ಜಠರಕ್ಕೋ ಕರುಳಿಗೋ ಗುಂಡು ಹೊಕ್ಕ ಜಿಂಕೆ ಎಗರುವುದಿಲ್ಲ. ಬೆನ್ನು ಗೂನಾಗಿಸಿ, ಬಾಲವನ್ನು ಒಳಕ್ಕೆ ಒತ್ತಿಕೊಂಡು, ಸ್ವಲ್ಪ ದೂರ ಓಡಿದರೂ ಬೇಗನೆ ನಡಿಗೆಗೆ ಇಳಿದು, ಹತ್ತಿರದ ದಟ್ಟ ಪೊದೆಯಲ್ಲಿ ಮಲಗಿಬಿಡುತ್ತದೆ. ಆ ಗಾಯವೂ ಮಾರಣಾಂತಿಕವೇ. ಆದರೆ ಸಾವು ಬರಲು ಹಲವು ಗಂಟೆಗಳು ಬೇಕು. ಆ ಹೊತ್ತಿನಲ್ಲಿ ಬೆನ್ನಟ್ಟಿದರೆ ಅದು ಎದ್ದು ಮೈಲುಗಟ್ಟಲೆ ಹೋಗಿ, ಯಾರಿಗೂ ಸಿಗದ ಕಡೆ ನರಳಿ ಸಾಯುತ್ತದೆ. ಆದ್ದರಿಂದ ಎದೆಯ ಪೆಟ್ಟಿಗೆ ಅರ್ಧ ಗಂಟೆ, ಯಕೃತ್ತಿನ ಪೆಟ್ಟಿಗೆ ನಾಲ್ಕು ಗಂಟೆ, ಹೊಟ್ಟೆಯ ಪೆಟ್ಟಿಗೆ ಎಂಟರಿಂದ ಹನ್ನೆರಡು ಗಂಟೆ ಕಾಯಬೇಕೆಂಬುದು ಇಲ್ಲಿನ ಬೇಟೆಗಾರರಲ್ಲಿ ಬೇರೂರಿದ ನಿಯಮ. ಕಾಯುವುದು ನಿಮಗೆ ನಿರ್ದಯತೆಯಾಗಿ ಕಂಡಿದೆ. ಅವಸರಪಟ್ಟು ಹಿಂದೆ ಹೋಗುವುದೇ ಹೆಚ್ಚಿನ ನಿರ್ದಯತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಓಟವೊಂದನ್ನೇ ನಂಬುವಂತಿಲ್ಲ. ಈಡು ಬಿದ್ದ ಜಾಗಕ್ಕೆ ಹೋಗಿ ನೆತ್ತರನ್ನು ಓದಬೇಕು. ಗುಲಾಬಿ ಬಣ್ಣದ, ನೊರೆನೊರೆಯಾದ ನೆತ್ತರು ಶ್ವಾಸಕೋಶದ್ದು. ಕಡುಗೆಂಪು ನೆತ್ತರು ಯಕೃತ್ತಿನದು. ಹಸಿರು ಛಾಯೆ, ಮೇವಿನ ಚೂರು, ಹುಳಿ ನಾತ ಇದ್ದರೆ ಹೊಟ್ಟೆ. ಮೊದಲು ಧಾರಾಳವಾಗಿ ಸುರಿದು ನೂರಿನ್ನೂರು ಮೀಟರಿನಲ್ಲಿ ಬತ್ತಿಹೋದರೆ ಅದು ಬರೀ ಮಾಂಸಖಂಡದ ಗಾಯ, ಜಿಂಕೆ ಬದುಕಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಬಿಳಿಬಾಲದ ಜಿಂಕೆ ಬೆದರಿದಾಗ ಬಾಲವನ್ನು ಬಾವುಟದಂತೆ ಎತ್ತುತ್ತದೆ, ಗಾಯಗೊಂಡರೆ ಇಳಿಸುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಬಾಲ ಎತ್ತಿಕೊಂಡೇ ಓಡಿ ಸತ್ತ ಜಿಂಕೆಗಳನ್ನು ನಾನೇ ನೋಡಿದ್ದೇನೆ.

ಇನ್ನೊಂದು ಮಾತು. ಈಡಿಗೆ ಕುಸಿದು ಬಿದ್ದ ಜಿಂಕೆಯೆಲ್ಲ ಸತ್ತಿತೆಂದು ಅರ್ಥವಲ್ಲ. ಮಿದುಳು ಅಥವಾ ಬೆನ್ನುಹುರಿಗೆ ನೇರ ಪೆಟ್ಟು ಬಿದ್ದರೆ ನಿಂತಲ್ಲೇ ಬೀಳುತ್ತದೆ, ನಿಜ. ಆದರೆ ಗುಂಡು ಬೆನ್ನುಮೂಳೆಯ ಮೇಲಿನ ಮುಳ್ಳುಗಳನ್ನಷ್ಟೇ ಸವರಿಕೊಂಡು ಹೋದಾಗಲೂ ಆ ಆಘಾತಕ್ಕೆ ಕಾಲುಗಳು ಕ್ಷಣಕಾಲ ಸತ್ವ ಕಳೆದುಕೊಂಡು ಜಿಂಕೆ ಬೀಳುತ್ತದೆ. ಒಂದೆರಡು ನಿಮಿಷದಲ್ಲಿ ಅದೇ ಜಿಂಕೆ ಎದ್ದು ಓಡಿಹೋಗುತ್ತದೆ. ಹಾಗಾಗಿ ಬಿದ್ದ ಜಿಂಕೆಯ ಮೇಲಿನ ಗುರಿಯನ್ನು ಕೂಡಲೇ ಇಳಿಸಬಾರದೆಂದು ಹೊಸಬರಿಗೆ ಹೇಳಿಕೊಡುತ್ತೇವೆ.

ಉತ್ತರ: ಪಶುವೈದ್ಯೆ

ಮೊದಲ ಎರಡು ಪ್ರಶ್ನೆಗಳಿಗೆ ಶರೀರಶಾಸ್ತ್ರದ ಕಡೆಯಿಂದ ಉತ್ತರಿಸುತ್ತೇನೆ. ಹೃದಯ ನಿಂತ ಕ್ಷಣವೇ ಪ್ರಾಣಿ ನಿಲ್ಲುವುದಿಲ್ಲ. ಮಿದುಳಿಗೆ ಹೋಗುವ ರಕ್ತ ಪೂರ್ತಿ ಕಡಿದುಹೋದರೂ ಅಲ್ಲಿ ಉಳಿದಿರುವ ಆಮ್ಲಜನಕದಿಂದ ಸುಮಾರು ಹತ್ತು ಸೆಕೆಂಡು ಪ್ರಜ್ಞೆ ಉಳಿಯುತ್ತದೆ. ಕಾಲಿನ ಸ್ನಾಯುಗಳಲ್ಲಿ ಮೊದಲೇ ಕೂಡಿಟ್ಟ ಶಕ್ತಿ ಇರುವುದರಿಂದ ಅಷ್ಟು ಹೊತ್ತಿನ ಓಟಕ್ಕೆ ಹೊಸ ಆಮ್ಲಜನಕವೇ ಬೇಕಿಲ್ಲ. ಬಿಳಿಬಾಲದ ಜಿಂಕೆ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಅಂದರೆ ಸೆಕೆಂಡಿಗೆ ಹದಿನಾಲ್ಕು ಮೀಟರ್. ಹತ್ತರಿಂದ ಗುಣಿಸಿ ನೋಡಿ, ಮೇಲಿನ ಉತ್ತರದಲ್ಲಿ ಹೇಳಿರುವ ದೂರವೇ ಬರುತ್ತದೆ. ನೀವು ಕಂಡದ್ದು ಆ ಹತ್ತು ಸೆಕೆಂಡುಗಳ ಓಟವನ್ನು.

ಕೋವಿಗೂ ಬಿಲ್ಲಿಗೂ ಇಲ್ಲಿ ವ್ಯತ್ಯಾಸವಿದೆ. ರೈಫಲ್ ಗುಂಡು ಶಬ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವೇಗವಾಗಿ ಬರುವುದರಿಂದ ಪೆಟ್ಟು ಬೀಳುವ ಮೊದಲು ಜಿಂಕೆ ಏನನ್ನೂ ಕೇಳಿರುವುದಿಲ್ಲ. ಆಧುನಿಕ ಬಿಲ್ಲಿನ ಬಾಣವಾದರೋ ಸೆಕೆಂಡಿಗೆ ಸುಮಾರು 85 ಮೀಟರ್ ವೇಗದ್ದು. ಇಪ್ಪತ್ತೇಳು ಮೀಟರ್ ದೂರದಿಂದ ಬಿಟ್ಟರೆ ಹೆದೆಯ ಸದ್ದು ಬಾಣಕ್ಕಿಂತ ಕಾಲು ಸೆಕೆಂಡಿನಷ್ಟು ಮೊದಲೇ ಜಿಂಕೆಯ ಕಿವಿಗೆ ತಲುಪುತ್ತದೆ. ಜಿಗಿಯಲು ಅಣಿಯಾಗಿ ಅದು ಮೈಯನ್ನು ಕೆಳಕ್ಕೆ ಕುಗ್ಗಿಸಲು ಅಷ್ಟು ಸಮಯ ಸಾಕು. ಎದೆಗೆ ಇಟ್ಟ ಗುರಿ ಬೆನ್ನಿಗೆ ಬೀಳುವುದು ಹೀಗೆ.

ನೋವಿನ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು. ಎರಡನೆಯ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯ, ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಅನೇಕರು ಮಾರ್ಫಿನ್ ಬೇಡವೆಂದದ್ದನ್ನು ಗಮನಿಸಿ 1946ರಲ್ಲಿ ಅದನ್ನು ಪ್ರಕಟಿಸಿದ. ತೀವ್ರ ಅಪಾಯದಲ್ಲಿ ದೇಹ ತಾನೇ ನೋವು ತಗ್ಗಿಸುವ ರಾಸಾಯನಿಕಗಳನ್ನು ಸ್ರವಿಸುತ್ತದೆ, ಮತ್ತು ಈ ವ್ಯವಸ್ಥೆ ಸಸ್ತನಿಗಳಲ್ಲೆಲ್ಲ ಇದೆ. ಎದೆಗೆ ಪೆಟ್ಟು ಬಿದ್ದ ಜಿಂಕೆಯ ಕೊನೆಯ ಕೆಲವು ಸೆಕೆಂಡುಗಳು ಬಹುಶಃ ಬೆದರಿಕೆಯವೇ ಹೊರತು ನೋವಿನವಲ್ಲ ಎಂದು ಇದರಿಂದ ಹೇಳಬಹುದು. ಹೊಟ್ಟೆಯ ಗಾಯದಲ್ಲಿ ಗಂಟೆಗಟ್ಟಲೆ ಬಿದ್ದಿರುವ ಪ್ರಾಣಿಗೆ ಆ ಮಾತನ್ನು ಅನ್ವಯಿಸಲಾಗದು. ಅದು ಕೂಗದೆ ಮಲಗಿದೆ ಎಂದ ಮಾತ್ರಕ್ಕೆ ನೋವಿಲ್ಲ ಎನ್ನುವುದೂ ಸಲ್ಲದು. ಬೇಟೆಗೆ ಗುರಿಯಾಗುವ ಪ್ರಾಣಿಗಳು ಸಾಮಾನ್ಯವಾಗಿ ನೋವನ್ನು ತೋರಗೊಡುವುದಿಲ್ಲ.

ಬೆನ್ನಟ್ಟುವುದರ ಬಗ್ಗೆ ಗಟ್ಟಿಯಾದ ಅಧ್ಯಯನವಿದೆ. ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ ಸಂಸ್ಥೆಗಾಗಿ ಪ್ಯಾಟ್ರಿಕ್ ಬೇಟ್ಸನ್ ಮತ್ತು ಎಲಿಜಬೆತ್ ಬ್ರ್ಯಾಡ್‌ಶಾ ಅವರು, ನಾಯಿಗಳು ಅಟ್ಟಿದ ಕೆಂಪು ಜಿಂಕೆಗಳ ರಕ್ತವನ್ನು ರೈಫಲಿನಿಂದ ಒಮ್ಮೆಲೇ ಕೊಂದ ಜಿಂಕೆಗಳ ರಕ್ತದೊಂದಿಗೆ ಹೋಲಿಸಿದರು. ಅಟ್ಟಿಸಿಕೊಂಡ ಜಿಂಕೆಗಳಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಬಹಳ ಏರಿತ್ತು, ಸ್ನಾಯುಗಳ ಶಕ್ತಿಯ ದಾಸ್ತಾನು ಬರಿದಾಗಿತ್ತು. 1997ರಲ್ಲಿ ವರದಿ ಬಂದ ಬೆನ್ನಿಗೇ ಟ್ರಸ್ಟ್ ತನ್ನ ಜಮೀನುಗಳಲ್ಲಿ ನಾಯಿಗಳಿಂದ ಜಿಂಕೆ ಬೇಟೆಯನ್ನು ನಿಷೇಧಿಸಿತು.

ಉತ್ತರ: ಕಬಿನಿ ಕಡೆಯವನು

ಇಬ್ಬರ ವಿವರಣೆಯೂ ಉಪಯುಕ್ತವಾಗಿದೆ, ಆದರೆ ಒಂದು ಆಕ್ಷೇಪವಿದೆ. 'ಎಂಟು ಗಂಟೆ ಕಾಯಬೇಕು' ಎನ್ನುವುದು ಹೊಡೆದವನ ಗುರಿ ಕೆಟ್ಟದ್ದರ ಬೆಲೆಯನ್ನು ಜಿಂಕೆಯಿಂದ ವಸೂಲು ಮಾಡುವ ಕ್ರಮ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಈಗಿನ ರೂಪದ ಪ್ರಕಾರ ಚುಕ್ಕೆ ಜಿಂಕೆಗೋ ಕಡವೆಗೋ ಕೋವಿ ಎತ್ತುವುದೇ ಅಪರಾಧವಾದ್ದರಿಂದ ಈ ಪ್ರಶ್ನೆ ಕಾನೂನಿನ ಒಳಗೆ ಏಳುವುದಿಲ್ಲ. ನಾಗರಹೊಳೆಯಲ್ಲಿ ಕಾಡುನಾಯಿಗಳು ಚುಕ್ಕೆ ಜಿಂಕೆಯನ್ನು ಜೀವವಿರುವಾಗಲೇ ತಿನ್ನತೊಡಗುತ್ತವೆ ಎಂದು ಬೇಟೆಯ ಸಮರ್ಥಕರು ನೆನಪಿಸಬಹುದು. ಆದರೆ ಕಾಡುನಾಯಿಗೆ ಬೇರೆ ದಾರಿಯಿಲ್ಲ. ಕೋವಿ ಹಿಡಿದವನಿಗೆ ಗುಂಡು ಹಾರಿಸದೆ ಇರುವ ದಾರಿ ಯಾವಾಗಲೂ ತೆರೆದೇ ಇರುತ್ತದೆ.

ಉತ್ತರ: ಅಟ್ಟಣೆವಾಸಿ

ಕಬಿನಿ ಕಡೆಯವರ ಕೊನೆಯ ಮಾತನ್ನು ಒಪ್ಪುತ್ತೇನೆ: ಜಿಂಕೆ ನಮ್ಮತ್ತ ಮುಖ ಮಾಡಿ ನಿಂತಿದ್ದರೆ, ಬೆಳಕು ಕುಂದಿದ್ದರೆ, ದೂರ ಹೆಚ್ಚಿದ್ದರೆ ಹೊಡೆಯದಿರುವುದೇ ಸರಿ. ಆದರೆ ತೋಳಗಳು ಬಹುಪಾಲು ಅಳಿದುಹೋದ ಈ ನಾಡಿನಲ್ಲಿ ಜಿಂಕೆಗಳ ಸಂಖ್ಯೆ ಕಾಡಿನ ಎಳೆಯ ಸಸಿಗಳನ್ನೇ ಉಳಿಸದಷ್ಟು ಬೆಳೆದಿರುವುದರಿಂದ, ಬೇಟೆ ಬೇಡವೆಂದರೆ ಅದಕ್ಕೆ ಬದಲಾಗಿ ಏನೆಂಬುದನ್ನೂ ಹೇಳಬೇಕಾಗುತ್ತದೆ. ಇರಲಿ, ಅದು ಬೇರೆಯೇ ಚರ್ಚೆ. ಗಾಯಗೊಂಡ ಜಿಂಕೆಯ ಹುಡುಕಾಟದಲ್ಲಿ ನಾವು ಜರ್ಮನರಿಂದ ಕಲಿಯಬೇಕಾದ್ದಿದೆ. ಗಾಯಗೊಂಡ ಪ್ರಾಣಿಯನ್ನು ವೃಥಾ ನರಳಲು ಬಿಡಬಾರದೆಂಬುದು ಅಲ್ಲಿನ ಬೇಟೆ ಕಾನೂನಿನಲ್ಲೇ ಇದೆ, ಮತ್ತು ಜಾಡು ಹಿಡಿಯಲೆಂದೇ ಸಾಕುವ ಹ್ಯಾನೋವರ್ ತಳಿಯ ನಾಯಿಗಳಿವೆ. ಗೊರಸುಗಳ ನಡುವಿನ ಗ್ರಂಥಿಯಿಂದ ಒಸರುವ ವಾಸನೆ ಪ್ರತಿ ಹೆಜ್ಜೆಯಲ್ಲೂ ನೆಲಕ್ಕಂಟುವುದರಿಂದ ಒಂದು ಹನಿ ನೆತ್ತರಿಲ್ಲದ ಕಡೆಯಲ್ಲೂ ಅವು ಜಾಡು ಬಿಡುವುದಿಲ್ಲ. ಅಮೆರಿಕದ ಅನೇಕ ರಾಜ್ಯಗಳು ಈಗ ಹಗ್ಗ ಕಟ್ಟಿದ ನಾಯಿಯೊಂದಿಗೆ ಹುಡುಕಲು ಅವಕಾಶ ಕೊಟ್ಟಿವೆ.

ಪ್ರಶ್ನೆ ಕೇಳಿದವರ ಕೊನೆಯ ಸಂಶಯಕ್ಕೆ: ಜೀವಂತ ಜಿಂಕೆ ನಿಮ್ಮ ಹಿತ್ತಲಿನಲ್ಲಿ ಮಲಗಿದ್ದರೆ ಮಕ್ಕಳನ್ನೂ ಸಾಕುನಾಯಿಯನ್ನೂ ಒಳಗೆ ಕರೆದುಕೊಂಡು, ನೆರೆಯವರಿಗೆ ತಿಳಿಸಿ, ನೀವು ದೂರವೇ ಇರಿ. ನೀರು ಕುಡಿಸಲು, ಹೊದಿಕೆ ಹೊದಿಸಲು ಹೋದರೆ ಅದು ಹೆದರಿ ಏಳುತ್ತದೆ, ಕೊಂಬಿನಿಂದಲೋ ಗೊರಸಿನಿಂದಲೋ ಗಂಭೀರ ಗಾಯ ಮಾಡಬಲ್ಲದು. ಕಣ್ಣು ಮುಚ್ಚಿದ್ದರೆ ಸತ್ತಿದೆ ಎಂದುಕೊಳ್ಳಬೇಡಿ. ಸತ್ತ ಜಿಂಕೆಯ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ, ಮುಚ್ಚಿದ ಕಣ್ಣು ಜೀವದ ಲಕ್ಷಣ. ನೆರೆಯವರು ಸಿಗದಿದ್ದರೆ ನಿಮ್ಮ ಜಿಲ್ಲೆಯ ಕನ್ಸರ್ವೇಷನ್ ವಾರ್ಡನ್‌ಗೆ, ಅಂದರೆ ವನ್ಯಜೀವಿ ಅಧಿಕಾರಿಗೆ, ಕರೆ ಮಾಡಿ. ಹುಡುಕಲು ಅನುಮತಿ ಕೇಳಿಕೊಂಡು ಬಂದವರಿಗೆ ಈ ಸಲ ಕೊಟ್ಟಂತೆ ಮುಂದೆಯೂ ಕೊಡುವುದು ಒಳ್ಳೆಯದು; ಜಮೀನಿನ ಒಡೆಯರು ಒಪ್ಪದಿದ್ದರೆ ಅವರು ಬೇಲಿ ದಾಟುವಂತಿಲ್ಲ.