ಸರಳ ವಾಕ್ಯಕ್ಕೂ ಓದುಸುಲಭತೆಯ ಅಂಕ ಮೈನಸ್ ಬರುತ್ತಿದೆ, ಕೋಡ್ ತಪ್ಪೇ?

ಪುಟ್ಟಕಥೆ:
ಈಗಷ್ಟೇ ಓದಲು ಕಲಿತ ಮಕ್ಕಳಿಗೆಂದು ಬರೆದ ಕಥೆಗಳನ್ನು ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಎಂದು ಜೋಡಿಸಬೇಕಿದೆ. ಫ್ಲೆಶ್ ಸೂತ್ರ (ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಅಕ್ಷರ ಎಂದು ನೋಡಿ ಅಂಕ ಕೊಡುವುದು; ಅಂಕ ಹೆಚ್ಚಿದ್ದಷ್ಟೂ ಓದಲು ಸುಲಭ) ಹಾಕಿ ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದೆ. ಮೊದಲು ಅದು 'ಸ್ತ್ರೀ' ಎಂಬುದನ್ನು 6 ಎಂದು ಎಣಿಸುತ್ತಿತ್ತು, ಯೂನಿಕೋಡ್ ಚಿಹ್ನೆಗಳ ಲೆಕ್ಕ. ಅದನ್ನು ಒಂದೇ ಅಕ್ಷರವಾಗಿ ಎಣಿಸುವಂತೆ ಸರಿಪಡಿಸಿದೆ. ಆದರೂ 'ಅಮ್ಮ ಮನೆಯಲ್ಲಿದ್ದಾಳೆ' ಎಂಬುದಕ್ಕೆ −133.6! ಎಲ್ಲಿ ಎಡವಿದೆ?

ಒತ್ತಕ್ಷರ:
ನೀವು ಎಡವಿಲ್ಲ. ಕೈಲೆಕ್ಕ ಹಾಕಿ ನೋಡಿದೆ: 2 ಪದ, 8 ಅಕ್ಷರ, ಅಂದರೆ ಪದಕ್ಕೆ 4. 206.835 − 1.015×2 − 84.6×4, ನಿಮ್ಮ ಉತ್ತರವೇ ಬಂತು. ಈ ಸಂಖ್ಯೆಗಳನ್ನು ರುಡಾಲ್ಫ್ ಫ್ಲೆಶ್ 1948ರಲ್ಲಿ ಇಂಗ್ಲಿಷ್‌ಗೆಂದು ಹೊಂದಿಸಿದ್ದು. ನಮ್ಮಲ್ಲಿ ವಿಭಕ್ತಿ, ಕ್ರಿಯಾಪದ ಎಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುತ್ತವೆ. ಸಂಧಿ ಬಿಡಿಸಿ 'ಅಮ್ಮ ಮನೆಯಲ್ಲಿ ಇದ್ದಾಳೆ' ಎಂದು ಕೊಡಿ: −50. ಅದೇ ಅಮ್ಮ, ಅದೇ ಮನೆ, ಅಂಕ ಮಾತ್ರ 83ಕ್ಕೂ ಹೆಚ್ಚು ಏರಿತು.

ಪುಟ್ಟಕಥೆ:
ಹಾಗಾದರೆ ಸಂಧಿ ಬಿಡಿಸಿ, ಗುಣಾಂಕಗಳನ್ನು ಕನ್ನಡಕ್ಕೆ ಹೊಂದಿಸಿಕೊಂಡರೆ ಸಾಕಲ್ಲವೇ?

ಒತ್ತಕ್ಷರ:
ಮೈನಸ್ ಹೋಗುತ್ತದೆ, ಕುರುಡು ಹೋಗುವುದಿಲ್ಲ. ಸೂತ್ರಕ್ಕೆ ಕಾಣುವುದು ಉದ್ದವೊಂದೇ. 'ಸಂವೇಗ' 3 ಅಕ್ಷರ, 'ಹಣ್ಣುಗಳನ್ನು' 5. ಮಗುವಿಗೆ ಯಾವುದು ಕಷ್ಟ ಹೇಳಿ?

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಇನ್ನೊಂದು. 'ಮಳೆ ಬಂದಿದ್ದರಿಂದ ಆಟ ನಿಂತಿತು' ಎಂಬುದಕ್ಕೆ −51. ಮುರಿದು 'ಮಳೆ ಬಂತು. ಆಟ ನಿಂತಿತು.' ಎಂದರೆ 14.5. ಏರಿತಲ್ಲ ಎಂದು ಖುಷಿಪಡುತ್ತೇವೆ, ಆದರೆ ಆಟ ಯಾಕೆ ನಿಂತಿತೆಂದು ಹೇಳುತ್ತಿದ್ದ 'ಇಂದ' ಕಳೆದುಹೋಯಿತು. ಎರಡು ವಾಕ್ಯ ಹಿಂದುಮುಂದು ಮಾಡಿ, 'ಆಟ ನಿಂತಿತು. ಮಳೆ ಬಂತು.' ಆಗಲೂ 14.5! ಅಂಕಕ್ಕಾಗಿ ಕಥೆ ತಿದ್ದಲು ಹೊರಟರೆ ಕಥೆಯೇ ಕೆಡುತ್ತದೆ, ದಯವಿಟ್ಟು ಆ ದಾರಿ ಹಿಡಿಯಬೇಡಿ.

ಸ್ಕ್ರಿಪ್ಟ್ ಎಸೆಯಬೇಕಿಲ್ಲ. ತೀರಾ ಉದ್ದದ ವಾಕ್ಯ, ಒತ್ತಕ್ಷರ ಕಿಕ್ಕಿರಿದ ಸಾಲು ಹುಡುಕಿ ಗುರುತು ಹಾಕಲಿ. ಕ್ರಮ ನಿರ್ಧರಿಸಲು ಕ್ಲೋಜ್ ಪರೀಕ್ಷೆ ಮಾಡಿ. ವಿಲ್ಸನ್ ಟೇಲರ್ 1953ರಲ್ಲಿ ಕೊಟ್ಟ ವಿಧಾನ ಅದು: ಐದೈದನೇ ಪದ ಅಳಿಸಿ, ಓದುವವರಿಂದಲೇ ತುಂಬಿಸುವುದು. ಬರೆಯಲು ಬಾರದ ಮಗು ಬಾಯಲ್ಲಿ ಹೇಳಲಿ.

ಪುಟ್ಟಕಥೆ:
ಎರಡು ಕಥೆ, ಮೂವರು ಮಕ್ಕಳ ಮೇಲೆ ನೋಡಿದೆ. ಸ್ಕ್ರಿಪ್ಟ್ ಸುಲಭ ಎಂದ ಕಥೆಯಲ್ಲೇ ಮೂವರೂ ನಿಂತರು. 'ಅವನು' ಅಂದರೆ ಯಾರು ಎಂದು ಗೊತ್ತಾಗುತ್ತಿರಲಿಲ್ಲ. ಈಗ ಆ ಜಾಗದಲ್ಲಿ ಹೆಸರನ್ನೇ ಬರೆದಿದ್ದೇನೆ.